ಕಾಲಿಗೆ ತಕ್ಕ ಮೀಟಿಂಗು

ಬೆಳಿಗ್ಗೆ ಹೊಸ ಬೂಟಿನೊಳಗೆ ಕಾಲು ತೂರಿಸಿದ ಕ್ಷಣವೇ ಒಪ್ಪಣ್ಣನ ಐದೂ ಬೆರಳುಗಳು ಒಂದೇ ಸೀಟಿಗೆ ಜಗಳಕ್ಕೆ ನಿಂತವು. ಆದರೆ ಬೂಟು ಕೊಡಿಸಿದ್ದು ಹೆಂಡತಿಯ ತಮ್ಮ. ಬಿಗಿ ಎಂದರೆ ಅದು ಬೂಟಿನ ಮೇಲಿನ ದೂರು ಆಗುತ್ತಿರಲಿಲ್ಲ, ಅವಳ ತವರಿನ ಮೇಲಿನ ದೂರು ಆಗುತ್ತಿತ್ತು.

"ಹಾಕ್ಕೊಂಡು ಓಡಾಡಿದ್ರೆ ತಾನಾಗೇ ಸಡಿಲ ಆಗುತ್ತೆ ಬಿಡಿ," ಎಂದಳು ಅವಳು.

ಯಾರು ಏನಂದರೂ ಒಪ್ಪಿ ಒಪ್ಪಿಯೇ ಆಫೀಸಿನಲ್ಲಿ ಆ ಅಡ್ಡಹೆಸರು ಸಂಪಾದಿಸಿದ್ದವನು ಇದನ್ನೂ ಒಪ್ಪಿದ. ಕಾದ ಹೆಂಚಿನ ಮೇಲೆ ಬೆಕ್ಕು ನಡೆದಂತೆ ನಡೆದು ಆಫೀಸು ಸೇರಿದ.

ಅವನದು ಸಾಫ್ಟ್‌ವೇರ್ ಬರೆಯುವ ಕೆಲಸ. ಅಲ್ಲಿ ದಿನಾ ಬೆಳಿಗ್ಗೆ ಎಲ್ಲರೂ ನಿಂತುಕೊಂಡೇ ಮೀಟಿಂಗು ಮಾಡಬೇಕು. ನಿಂತರೆ ಕಾಲು ನೋಯುತ್ತದೆ, ಕಾಲು ನೊಂದವರು ಬೇಗ ಬಾಯಿ ಮುಚ್ಚುತ್ತಾರೆ ಎಂಬುದು ತತ್ವ. ಮ್ಯಾನೇಜರಿಗೆ ಮಾತ್ರ ಎರಡೂ ಅನ್ವಯಿಸುತ್ತಿರಲಿಲ್ಲ. ಕೆಲಸದ ವಿಧಾನಗಳ ದಪ್ಪ ಪುಸ್ತಕವೊಂದನ್ನು ಕೂಸಿನಂತೆ ಎತ್ತಿಕೊಂಡೇ ತಿರುಗುತ್ತಿದ್ದ ಅವರನ್ನು ಹಿಂದಿನಿಂದ ಎಲ್ಲರೂ ಗ್ರಂಥಪ್ಪ ಎನ್ನುತ್ತಿದ್ದರು. ಹದಿನೈದು ನಿಮಿಷದ ಮೀಟಿಂಗನ್ನು ಅವರು ಒಂದೂವರೆ ಗಂಟೆ ಎಳೆಯಬಲ್ಲವರಾಗಿದ್ದರು.

ಅರ್ಧ ಗಂಟೆಗೇ ಒಪ್ಪಣ್ಣನಿಗೆ ಬದುಕಿನಲ್ಲಿ ಒಂದೇ ಗುರಿ ಉಳಿಯಿತು: ಕೂರುವುದು. ಬೂಟು ಬಿಚ್ಚೋಣವೆಂದರೆ ಸಾಕ್ಸಿನ ತೂತಿನಿಂದ ಹೆಬ್ಬೆರಳು ಸಭೆಗೆ ನಮಸ್ಕಾರ ಹೇಳುತ್ತಿತ್ತು.

"ಸಾರ್, ಕೂತ್ಕೊಂಡು ಮಾಡೋಣವಾ?"

"ಪುಸ್ತಕದಲ್ಲಿ ನಿಂತ್ಕೊಂಡು ಅಂತಿದೆ."

"ವಿಧಾನಾನ ಪ್ರಾಜೆಕ್ಟಿಗೆ ತಕ್ಕ ಹಾಗೆ ಬದಲಾಯಿಸ್ಕೊಳ್ಳಿ ಅಂತಲೂ ಇದೆ ಸಾರ್, ಕೊನೇ ಪುಟದಲ್ಲಿ. ನಮ್ಮ ಪ್ರಾಜೆಕ್ಟೇನು? ಆಸ್ಪತ್ರೆಗೆ ಬಂದೋರು ಸಾಲಲ್ಲಿ ನಿಲ್ಲದೆ, ಟೋಕನ್ ತಗೊಂಡು ಆರಾಮಾಗಿ ಕೂತಿರ್ಲಿ ಅನ್ನೋದು. ಅದನ್ನ ನಾವು ನಿಂತ್ಕೊಂಡು ಮಾಡಿದ್ರೆ ಹೇಗೆ?"

ಒಪ್ಪಣ್ಣ ಒಪ್ಪದೆ ಮಾತಾಡಿದ್ದು ಅದೇ ಮೊದಲು. ಗ್ರಂಥಪ್ಪನವರು ಕೊನೆಯ ಪುಟ ತಿರುವಿದರು. ಆ ಮಾತು ಅಲ್ಲಿತ್ತು. ಕಳೆದುಹೋದ ಅಣ್ಣ ಸಿಕ್ಕಂತೆ ಅವರ ಕಣ್ಣು ತೇವವಾಯಿತು. ಕುರ್ಚಿಗಳು ಬಂದವು. ಒಪ್ಪಣ್ಣ ಕೂತ. ಬೆರಳುಗಳು ಉಸ್ಸೆಂದವು.

ಆ ಸುಖ ಎರಡು ನಿಮಿಷದ್ದು. ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ ಪಡೆಯುವ ಟೆಸ್ಟರ್ ತಪ್ಪಮ್ಮ ಕೈಯೆತ್ತಿದಳು. ಬರೀ ಕೂತರೆ ಪ್ರಾಜೆಕ್ಟಿಗೆ ತಕ್ಕಂತಾಗುವುದಿಲ್ಲ, ಮಾತಾಡುವವರಿಗೆ ಟೋಕನ್ನೂ ಬೇಕು ಎಂದಳು. ಸರಿ, ಹಳೇ ವರದಿಗಳನ್ನು ಹರಿದು ಟೋಕನ್ ಮಾಡಿದ್ದಾಯಿತು.

"ಟೋಕನ್ ಕೂಗೋರು ಬೇಕಲ್ಲ ಸಾರ್. ಆಸ್ಪತ್ರೇಲಿ ಅವರು ಕೂರೋದಿಲ್ಲ, ನಿಂತೇ ಇರ್ತಾರೆ. ಐಡಿಯಾ ಯಾರದ್ದೋ ಅವರೇ ಕೂಗಲಿ," ಎಂದಳು ತಪ್ಪಮ್ಮ.

ಒಪ್ಪಣ್ಣ ಒಪ್ಪಿದ. ಹಳೇ ಚಾಳಿ.

ಮಧ್ಯಾಹ್ನದ ಹೊತ್ತಿಗೆ ಅವನ ದನಿ ಆಸ್ಪತ್ರೆಯ ಬಾಗಿಲಿಗೆ ಪೂರ್ತಿ ಒಗ್ಗಿತ್ತು. "ಮೂವತ್ತೆಂಟೂ... ಮೂವತ್ತೆಂಟು ಯಾರ್ರೀ, ಬೇಗ ಬೇಗ." ಒಬ್ಬರ ಮಾತಿಗೆ ಉತ್ತರ ಕೊಡಲು ಇನ್ನೊಬ್ಬರಿಗೆ ಹೊಸ ಟೋಕನ್, ಆ ಉತ್ತರಕ್ಕೆ ಅನುಮಾನವಿದ್ದರೆ ಮತ್ತೊಂದು. ಒಬ್ಬರು ಕೆಮ್ಮಲೂ ಟೋಕನ್ ಕೇಳಿದರು. ಮೆತ್ತನೆ ಕುರ್ಚಿಯಲ್ಲಿ ಕೂತವರಾರಿಗೂ ಮೀಟಿಂಗು ಮುಗಿಸುವ ಮನಸ್ಸಿರಲಿಲ್ಲ. ಇಡೀ ಕೋಣೆಯಲ್ಲಿ ನಿಂತವನು ಒಬ್ಬನೇ. ಅವನೂ ನಿಂತಿರಲಿಲ್ಲ, ಟೋಕನ್ ಹಂಚುತ್ತಾ ಕುರ್ಚಿಯಿಂದ ಕುರ್ಚಿಗೆ ಕುಂಟುತ್ತಿದ್ದ.

ಮೂರು ಗಂಟೆಗೆ ಪ್ರಗತಿ ನೋಡಲು, ಪ್ರಾಜೆಕ್ಟು ಕೊಟ್ಟಿದ್ದ ಆಸ್ಪತ್ರೆಯ ಡಾಕ್ಟರಮ್ಮ ಲ್ಯಾಪ್‌ಟಾಪಿನ ಪರದೆಯ ಮೇಲೆ ಬಂದರು. ಗ್ರಂಥಪ್ಪನವರ ಹಿಂದೆ ಒಪ್ಪಣ್ಣ ಕೈಯಲ್ಲಿ ಟೋಕನ್ ಹಿಡಿದು, ಹಲ್ಲು ಕಚ್ಚಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕುಂಟಿದ. ಡಾಕ್ಟರಮ್ಮ ಏನೋ ಹೇಳಿ ನಕ್ಕರು. ಗ್ರಂಥಪ್ಪನವರ ಕಿವಿಯಲ್ಲಿ ಇಯರ್‌ಫೋನ್ ಇದ್ದುದರಿಂದ ಅದು ಬೇರೆ ಯಾರಿಗೂ ಕೇಳಲಿಲ್ಲ.

ಸಂಜೆ ಮನೆಯಲ್ಲಿ ಬೂಟು ಕಾಲು ಬಿಟ್ಟು ಬರಲೊಲ್ಲದು. ಹೆಂಡತಿ ಗೋಡೆಗೆ ಕಾಲು ಕೊಟ್ಟು ಎಳೆದಳು. ಬಂದ ಬೂಟಿನೊಳಗೆ ಕೈ ಹಾಕಿ, ನಿಂಬೆಹಣ್ಣಿನ ಗಾತ್ರದ ಕಾಗದದ ಉಂಡೆಯೊಂದನ್ನು ಹೊರತೆಗೆದಳು. ಇನ್ನೊಂದರಲ್ಲೂ ಅದರ ಜೋಡಿ.

"ಇದನ್ನ ತೆಗೀದೇ ಹಾಕ್ಕೊಂಡು ಹೋಗಿದ್ರಾ? ಆಕಾರ ಕೆಡದಿರ್ಲಿ ಅಂತ ಅಂಗಡಿಯೋರು ತುರುಕಿರೋದು ಇದು. ಊರೋರ ಪ್ರೋಗ್ರಾಮೆಲ್ಲ ರಿಪೇರಿ ಮಾಡೋರು, ಒಂದ್ಸಲ ಬೂಟೊಳಗೆ ಬಗ್ಗಿ ನೋಡಬಾರದಿತ್ತಾ?"

ಒಪ್ಪಣ್ಣ ಮತ್ತೆ ಬೂಟು ತೊಟ್ಟ. ಅಳತೆ ಕೊಟ್ಟು ಹೊಲಿಸಿದಂತಿತ್ತು. ಮನೆ ತುಂಬ ನಡೆದ, ಎರಡು ಸಲ ಜಿಗಿದ. ನಾಳೆ ಹತ್ತು ಗಂಟೆ ಬೇಕಾದರೂ ನಿಂತೇನು, ಈ ಟೋಕನ್ ಸಹವಾಸ ಸಾಕು, ಮೀಟಿಂಗು ಹಳೇ ಕ್ರಮದಲ್ಲೇ ನಡೆಯಲಿ ಎಂದು ಹೇಳಿಬಿಡಬೇಕು ಎಂದುಕೊಂಡ. ಅಷ್ಟರಲ್ಲಿ ಗ್ರಂಥಪ್ಪನವರದೇ ಫೋನು ಬಂತು.

"ಡಾಕ್ಟರಮ್ಮಂಗೆ ಭಾರೀ ಖುಷಿ ಕಣ್ರೀ. ನಿಜವಾದ ಪೇಷಂಟನ್ನೇ ಟೀಮಲ್ಲಿ ಇಟ್ಕೊಂಡಿದೀರಿ, ಪ್ರಾಜೆಕ್ಟಿಗೆ ತಕ್ಕ ವಿಧಾನ ಅಂದ್ರೆ ಇದು ಅಂದ್ರು. ಇನ್ನೂ ಎಂಟು ತಿಂಗಳ ಕೆಲಸ ಕೊಟ್ಟಿದಾರೆ. ನಾಳೆ ನಿಮ್ಮನ್ನ ನೋಡೋಕೆ ಖುದ್ದಾಗಿ ಬರ್ತಿದಾರೆ."

"ಸಾರ್, ಆದ್ರೆ ನನ್ನ ಕಾಲು ಈಗ..."

"ವಾಸಿಯಾಗಬಾರದು. ಪ್ರಾಜೆಕ್ಟ್ ಮುಗಿಯೋವರೆಗೂ ಜೋಪಾನ. ಒಪ್ಪಿದ್ರಿ ತಾನೇ?"

ಒಪ್ಪಣ್ಣ ಒಪ್ಪಿದ. ಫೋನು ಕೆಳಗಿಟ್ಟು, ಕಸದ ಬುಟ್ಟಿಯ ಮುಂದೆ ಮಂಡಿಯೂರಿ, ಒಳಕ್ಕೆ ಕೈ ಹಾಕಿ ತಡಕಾಡುತ್ತಾ ಹೆಂಡತಿಯನ್ನು ಕೇಳಿದ:

"ಬಲಗಾಲಿಂದು ಸಿಕ್ತು ಕಣೇ. ಎಡಗಾಲಿನ ಉಂಡೆ ಎಲ್ಲಿ ಹಾಕಿದೆ?"