ಕಾರ್ಕೋಟಕ ಬಳಗದ ಎರಡು-ನಾಲ್ಕು

ಖಲೀಲ್: ನಾಯಕ ನಾನೇ. ಬಳಗ ಕಟ್ಟಿದ್ದು ನಾನು, ಹೆಸರಿಟ್ಟದ್ದು ನಾನು. ನನ್ನನ್ನು ಹಾಸ್ಯಗಾರ ಮಾಡ್ಲಿಕ್ಕೆ ನೀನ್ಯಾರು?

ರುಕ್ಮಯ್ಯ: ಹೆಸರಿಟ್ಟದ್ದು ನಾನು ಮಾರಾಯ. ನೀನಿಟ್ಟದ್ದು ‘ಬ್ಲ್ಯಾಕ್ ಕೋಬ್ರಾ’. ಮೈಕಿನಲ್ಲಿ ಹಾಗೆ ಕೂಗಿದ್ರೆ ಸೊಳ್ಳೆಬತ್ತಿಯ ಜಾಹೀರಾತು ಅಂತ ಜನ ಎದ್ದು ಹೋಗ್ತಾರೆ. ಕಾರ್ಕೋಟಕ ಅಂದ್ರೆ ಅದಕ್ಕೊಂದು ಗತ್ತುಂಟು.

ಖಲೀಲ್: ಗತ್ತು ನಿನಗೆ, ಕೋಡಂಗಿ ವೇಷ ನನಗೆ!

ವಾಮದಪದವಿನ ಪೇಟೆಯಲ್ಲಿ ರುಕ್ಮಯ್ಯನ ಟೈಲರ್ ಅಂಗಡಿಗೂ ಇಬ್ರಾಹಿಂ ಖಲೀಲನ ಫ್ಯಾನ್ಸಿ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಆಚೆ ಬಳೆ, ಈಚೆ ರವಿಕೆ. ಊರಿಗೆ ಕೇಬಲ್ ಬಂದ ಮೇಲೆ ಮಕ್ಕಳಷ್ಟೇ ಅಲ್ಲ, ಮೀಸೆ ನರೆತವರೂ ಟಿವಿ ಕುಸ್ತಿಗೆ ಮರುಳಾಗಿದ್ದರು. ಅದರಲ್ಲೂ ನಾಲ್ಕೈದು ದಾಂಡಿಗರು ಸೇರಿ ಒಂದು ಬಳಗ ಕಟ್ಟಿ ಉಳಿದವರನ್ನೆಲ್ಲ ನಡುಗಿಸುವುದು, ಕೊನೆಗೆ ತಮ್ಮೊಳಗೇ ಒಬ್ಬ ತಿರುಗಿಬಿದ್ದು ನಾಯಕನನ್ನೇ ಎತ್ತಿ ಬಿಸಾಡುವುದು ಎಂದರೆ ಖಲೀಲನಿಗೆ ಪ್ರಾಣ. ಈ ಸಲ ಯುವಕ ಮಂಡಲದ ವಾರ್ಷಿಕೋತ್ಸವಕ್ಕೆ ನಾಟಕ ಬೇಡ, ಅಂಥದೇ ಒಂದು ಕುಸ್ತಿ ಆಡುವ ಎಂದು ಎಲ್ಲರನ್ನೂ ಒಪ್ಪಿಸಿದವನು ಅವನೇ. ಮಾಡಿದ ಒಂದೇ ತಪ್ಪೆಂದರೆ ಕತೆ ಕಟ್ಟುವ ಕೆಲಸವನ್ನು ರುಕ್ಮಯ್ಯನಿಗೆ ವಹಿಸಿದ್ದು. ತಾಳಮದ್ದಳೆಯಲ್ಲಿ ಅರ್ಥ ಹೇಳುವ ಮನುಷ್ಯ. ಕುಸ್ತಿಯನ್ನು ಹಿಡಿದು ಯಕ್ಷಗಾನದ ಮೇಳ ಮಾಡಿಬಿಟ್ಟಿದ್ದ.

ರುಕ್ಮಯ್ಯ: ಟಿವಿಯವರು ಮಾಡುದಾದ್ರೂ ಎಂತ? ಹೊಗೆ ಬಿಟ್ಟುಕೊಂಡು ಬರ್ತಾರೆ. ನಾವು ರಾಕ್ಷಸ ಬರುವಾಗ ದೊಂದಿಗೆ ರಾಳದ ಪುಡಿ ಎರಚಿ ಬೆಂಕಿ ಎಬ್ಬಿಸುದಿಲ್ವಾ? ಹೊಡೆಯುವ ಮೊದಲು ಅರ್ಧ ಗಂಟೆ ಮೈಕ್ ಹಿಡಿದು ಬೈತಾರೆ. ಅದು ಅರ್ಥಗಾರಿಕೆ ಅಲ್ದೆ ಮತ್ತೆಂತ? ಹಾಗಾಗಿ ನಾಯಕ ಅಂದ್ರೆ ರಾಕ್ಷಸನ ಬಣ್ಣದ ವೇಷಕ್ಕೆ ನಾನು, ಕೊನೆಗೆ ತಿರುಗಿಬೀಳುವ ಪುಂಡುವೇಷಕ್ಕೆ ಅಣ್ಣು, ಹಾಸ್ಯಕ್ಕೆ ನೀನು.

ಖಲೀಲ್: ಪುಂಡುವೇಷ ಹಾರಿ ಹಾರಿ ಕುಣಿಯುವುದಲ್ವಾ? ಮರದ ದಿಮ್ಮಿ ಹೊರುವ ಅಣ್ಣು ಒಮ್ಮೆ ಹಾರಿದ್ರೆ ಸ್ಟೇಜು ಉಳೀತದಾ?

ರುಕ್ಮಯ್ಯ: ಸ್ಟೇಜಿನ ಚಿಂತೆ ಶಾಮಿಯಾನದವನಿಗೆ. ನಿನ್ನನ್ನು ನಾಯಕ ಮಾಡುವ ಅಂತ ನಾನು ಅಣ್ಣುವಿನ ಹತ್ರ ಮಾತಾಡಿ ನೋಡಿದೆ. ಎಂತ ಹೇಳಿದ ಗೊತ್ತುಂಟಾ? “ಕಿವಿ ಚುಚ್ಚಿಸುವಾಗ ನನ್ನ ಮಗಳನ್ನು ನಗಿಸಿದ ಸಾಹೇಬ್ರು ಅವರು. ಅವರನ್ನು ಎತ್ತಿ ಬಿಸಾಡ್ಲಿಕ್ಕೆ ನನ್ನ ಕೈ ಬರುದಿಲ್ಲ” ಅಂತ ಕಣ್ಣೊರೆಸಿಕೊಂಡ.

ಊರಿಡೀ ತನ್ನನ್ನು ಒಳ್ಳೆಯವನೆನ್ನುವುದೇ ಖಲೀಲನ ಸಂಕಟ. ಹೆಂಡತಿ ಜುಲೈಕಾಳ ತಮ್ಮ ನಿಝಾರ್ ರಜೆಯಲ್ಲಿ ಕತಾರಿನಿಂದ ತನ್ನ ಊರು ಕನ್ಯಾನಕ್ಕೆ ಬಂದಿದ್ದ. ಬಂದಾಗೆಲ್ಲ ಎಲ್ಲರೆದುರು, “ನಿಮ್ಮನ್ನು ಕಂಡು ಒಂದು ಇರುವೆಯಾದ್ರೂ ಹೆದರಿದ್ದುಂಟಾ ಭಾವ?” ಎಂದು ನಗುವುದು ಅವನ ಚಾಳಿ. ಅವನು ಶನಿವಾರ ವಾರ್ಷಿಕೋತ್ಸವದಲ್ಲಿ ಮುಂದಿನ ಸಾಲಿನಲ್ಲೇ ಕೂರುವವನಿದ್ದ. ಒಂದು ದಿನದ ಮಟ್ಟಿಗಾದರೂ ತನ್ನನ್ನು ನೋಡಿ ಒಬ್ಬರು ಬೆವರಬೇಕು. ಖಲೀಲನಿಗೆ ಬೇಕಾದದ್ದು ಅಷ್ಟೇ.

ಖಲೀಲ್: ನನಗೂ ಅಬ್ಬರಿಸ್ಲಿಕ್ಕೆ ಬರ್ತದೆ.

ರುಕ್ಮಯ್ಯ: ಅಬ್ಬರಿಸು ನೋಡುವ. ಯಾರಾದ್ರೂ ಒಬ್ಬರು ಹೆದರಿದ್ರೆ ನಾಯಕ ನೀನೇ. ನಾಯಕನ ಕರಿ ಶಾಲು ನಿನ್ನ ಅಳತೆಗೇ ಹೊಲೀತೇನೆ.

ಅಷ್ಟರಲ್ಲಿ ಮನೆಯಲ್ಲಿ ಕಟ್ಟಿದ ಬೀಡಿಯನ್ನು ಬೀಡಿ ಬ್ರಾಂಚಿಗೆ ಕೊಟ್ಟು ನೀಲಾವತಿ ರುಕ್ಮಯ್ಯನ ಅಂಗಡಿಯ ಮೆಟ್ಟಿಲು ಹತ್ತಿದಳು. ಮಹಿಳಾ ಮಂಡಲದ ಅಧ್ಯಕ್ಷೆ. ಶನಿವಾರ ವೇದಿಕೆಯಲ್ಲಿ ಕೂರಲು ಹೊಸ ರವಿಕೆ ಹೊಲಿಸಲು ಕೊಟ್ಟಿದ್ದಳು. ಖಲೀಲ್ ಬಾಗಿಲ ಪರದೆಯ ಹಿಂದಿನಿಂದ ಒಮ್ಮೆಲೇ ಹಾರಿ, ಎರಡೂ ಕೈ ಮೇಲೆತ್ತಿ, “ಹೇ...ಹೇ...ಹೇ!” ಎಂದು ಗರ್ಜಿಸಿದ.

ನೀಲಾವತಿ: ಅಯ್ಯೋ ಸಾಹೇಬ್ರೇ, ಗಂಟಲಿಗೆ ಎಂತ ಸಿಕ್ಕಿಬಿತ್ತು? ರುಕ್ಮಯ್ಯಣ್ಣ, ಸ್ವಲ್ಪ ನೀರು ಕೊಡಿ ಅವರಿಗೆ. ಬೆನ್ನಿಗೊಂದು ಗುದ್ದಿ.

ರುಕ್ಮಯ್ಯ ಗುದ್ದಲಿಲ್ಲ, ಆದರೆ ನಕ್ಕ. ಗುದ್ದಿದ್ದರೇ ವಾಸಿಯಿತ್ತು.

ರುಕ್ಮಯ್ಯ: ನೋಡಿದೆಯಾ? ಹಾಸ್ಯ ನಿನಗೆ ಹುಟ್ಟಿನಿಂದ ಬಂದದ್ದು.

ನೀಲಾವತಿ: ಕುಸ್ತಿಯ ಅಭ್ಯಾಸವಾ? ನೀವು ರಾಕ್ಷಸ ಆಗುದಾ ಸಾಹೇಬ್ರೇ? ನಾನು ವೇದಿಕೆಯಲ್ಲಿ ಕೂತು ನಕ್ಕುಬಿಟ್ರೆ ಬೇಜಾರು ಮಾಡ್ಬೇಡಿ.

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಾಗ ಕೈತುಂಬ ಹಸಿರು ಬಳೆ ಗಲಗಲಿಸಿತು. ಖಲೀಲ್ ಆ ಬಳೆಗಳನ್ನೇ ನೋಡಿದ. ಮರುಕ್ಷಣ ಅವನ ಸ್ವರ ತಗ್ಗಿ, ದಿನನಿತ್ಯದ ಅಂಗಡಿಯ ಸ್ವರವಾಯಿತು.

ಖಲೀಲ್: ಬಳೆ ಚೆಂದ ಕಾಣ್ತದೆ ಅಕ್ಕ.

ನೀಲಾವತಿ: ಕಾಣದೆ ಮತ್ತೆ? ಎರಡು-ನಾಲ್ಕರ ಕೈ. ಮದುವೆಯ ದಿನದಿಂದ ಇವತ್ತಿನವರೆಗೆ ಅದೇ ಅಳತೆ. ಬ್ರಾಂಚಿನಲ್ಲಿ ಎಲ್ಲರಿಗೂ ಹೊಟ್ಟೆಕಿಚ್ಚು.

ಖಲೀಲ್: ಹೌದಾ? ಬಳೆಯ ಪೆಟ್ಟಿಗೆಯ ಮೇಲೆ ಎಷ್ಟು ಬರೆದಿತ್ತು ಅಂತ ಶನಿವಾರ ಮೈಕಿನಲ್ಲಿ ಹೇಳಲಾ?

ನೀಲಾವತಿಯ ನಗು ಅರ್ಧಕ್ಕೇ ನಿಂತಿತು. ಕೈ ತಾನಾಗಿ ಸೆರಗಿನೊಳಗೆ ಹೋಯಿತು. ಬಳೆಯಂಗಡಿಯ ಧರ್ಮವೇ ಬೇರೆ. ಪೆಟ್ಟಿಗೆಯ ಚೀಟಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಕೈಗೆ ಸೋಪಿನ ನೊರೆ ಸವರಿ, “ಎರಡು-ನಾಲ್ಕೇ ಅಕ್ಕ, ಹೂವಿನಂಥ ಕೈ” ಎನ್ನುತ್ತಾ ಎರಡು-ಎಂಟರ ದೊಡ್ಡ ಬಳೆ ಏರಿಸಬೇಕು. ಹೀಗೆ ವಾಮದಪದವಿನ ಹೆಂಗಸರೆಲ್ಲ ವರ್ಷಗಟ್ಟಲೆ ಎರಡು-ನಾಲ್ಕರಲ್ಲೇ ಉಳಿದಿದ್ದರು, ಪ್ರತಿಯೊಬ್ಬಳೂ ಈ ಸುಳ್ಳು ತನ್ನೊಬ್ಬಳದೇ ಗುಟ್ಟು ಎಂದು ನಂಬಿಕೊಂಡು.

ನೀಲಾವತಿ: ಸಾಹೇಬ್ರೇ... ನೀವು ಅಂಥವರಲ್ಲ.

ಖಲೀಲ್ (ಇನ್ನಷ್ಟು ಸಿಹಿಯಾಗಿ): ಅಲ್ಲ ಅಕ್ಕ. ಸುಮ್ಮನೆ ಕೇಳಿದೆ. ಹೇಳಲಾ?

ಅವಳ ಹಣೆಯಲ್ಲಿ ಬೆವರು ಮೂಡಿತು. ರುಕ್ಮಯ್ಯ ಮೆಷಿನ್ನಿನಿಂದ ಕಾಲು ತೆಗೆದು ಎದ್ದೇ ನಿಂತ.

ರುಕ್ಮಯ್ಯ: ಖಲೀಲ! ಇಂಥ ಬಣ್ಣದ ವೇಷ ನಾನು ನನ್ನ ಜನ್ಮದಲ್ಲಿ ನೋಡ್ಲಿಲ್ಲ ಮಾರಾಯ! ಅಬ್ಬರ ಇಲ್ಲ, ರಾಳ ಇಲ್ಲ, ಬರೀ ನಗು! ಕತೆ ಪೂರ್ತಿ ಬದಲಾಯಿಸುವ. ನಾಯಕ ನೀನು. ಹಾಸ್ಯಕ್ಕೆ ನಾನೇ ನಿಲ್ತೇನೆ. ನೀನು ಯಾರನ್ನೂ ಮುಟ್ಟುದು ಬೇಡ. ಮೈಕ್ ಹಿಡಿದು ಮುಂದಿನ ಸಾಲು ನೋಡಿ “ಹೇಳಲಾ?” ಅಂತ ಕೇಳಿದ್ರೆ ಸಾಕು.

ಖಲೀಲ್: ನಿಝಾರನ ಹೆಂಡತಿ ಶಬ್ನಾ ತೊಡುದೂ ನನ್ನ ಅಂಗಡಿಯ ಬಳೆಯನ್ನೇ. ಅವಳೇ ಅವನನ್ನು ಎಬ್ಬಿಸಿ ನನಗೆ ಸಲಾಂ ಹೊಡೆಸ್ತಾಳೆ ನೋಡು!

ಅವನ ಎದೆ ಒಂದು ಸುತ್ತು ಹಿಗ್ಗಿತು. ಕರಿ ಶಾಲಿನ ಬಟ್ಟೆಯನ್ನು ತಾನೇ ಎತ್ತಿ ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. ಆ ಹೊತ್ತಿಗೆ ನೀಲಾವತಿ ಸೆರಗಿನಿಂದ ಹಣೆ ಒರೆಸಿಕೊಂಡಾಗಿತ್ತು.

ನೀಲಾವತಿ: ಹೇಳಿ ಸಾಹೇಬ್ರೇ, ಧಾರಾಳ ಹೇಳಿ. ಅದಿರ್ಲಿ, ಜುಲೈಕಾನ ಅಳತೆ ಎಷ್ಟು?

ಖಲೀಲ್: ಎರಡು-ನಾಲ್ಕು.

ನೀಲಾವತಿ: ಅದು ನೀವು ಅವಳಿಗೆ ಹೇಳಿದ್ದು. ನನಗೆ ಹೇಳಿದ್ದೂ ಅದನ್ನೇ. ಪೆಟ್ಟಿಗೆಯ ಮೇಲೆ ಎಷ್ಟುಂಟು?

ಅಕ್ಕತಂಗಿಯರ ಪೈಕಿ ತನ್ನ ಕೈಯೇ ಸಪೂರ ಎನ್ನುವುದು ಜುಲೈಕಾಳ ಹೆಮ್ಮೆ. ಆ ಹೆಮ್ಮೆಯ ನೆರಳಿನಲ್ಲೇ ಖಲೀಲನ ಸಂಸಾರ ತಣ್ಣಗಿತ್ತು.

ನೀಲಾವತಿ: ಈಗ ನಿಮ್ಮ ಮನೆಗೆ ಹೋಗಿ ಒಂದು ಲೋಟ ಚಾ ಕುಡೀತೇನೆ. ಮಾತಿಗೆ ಮಾತು ಬಂದಾಗ ಹೇಳಲಾ?

ಖಲೀಲ್: ಬೇಡ ಅಕ್ಕ!

ನೀಲಾವತಿ: ಸುಮ್ಮನೆ ಕೇಳಿದೆ.

ಖಲೀಲ್ ಹತ್ತಿರದ ಸ್ಟೂಲಿನ ಮೇಲೆ ಕುಸಿದ. ಶಾಲು ಹೆಗಲಿನಿಂದ ಜಾರಿ ಅವಳ ಕಾಲಬುಡಕ್ಕೆ ಬಿತ್ತು.

ರುಕ್ಮಯ್ಯ (ಚಪ್ಪಾಳೆ ತಟ್ಟಿ): ಕತೆಗೆ ಅಂತ್ಯ ಸಿಕ್ಕಿತು! ಅಣ್ಣು ತಿರುಗಿಬೀಳುದು ಬೇಡ, ಎತ್ತಿ ಬಿಸಾಡುದೂ ಬೇಡ. ವೇದಿಕೆಯಿಂದ ನೀಲಾವತಕ್ಕ ಇಳಿದು ಬರ್ತಾರೆ, ನಾಯಕನ ಕಿವಿಯಲ್ಲಿ ಏನೋ ಹೇಳ್ತಾರೆ, ಅವ ದೊಪ್ಪಂತ ಬೀಳ್ತಾನೆ!

ಖಲೀಲ್: ನಿಝಾರನ ಎದುರಿಗಾ?

ನೀಲಾವತಿ: ಅಷ್ಟರವರೆಗೆ ಊರಿಗೆ ಊರನ್ನೇ ಹೆದರಿಸಿ ಸಾಹೇಬ್ರೇ, ನಿಮ್ಮ ಭಾವಮೈದುನನನ್ನೂ ಸೇರಿಸಿ. “ಹೇಳಲಾ” ಅಂತ ಕೇಳಿ, ಹೇಳ್ಬೇಡಿ. ಕೊನೆಗೆ ನಾನು ಬಂದಾಗ ಮಾತ್ರ ಬೀಳಿ. ಚೆನ್ನಾಗಿ ಬೀಳ್ತೀರಿ, ಈಗಷ್ಟೇ ನೋಡಿದೆ.

ಊರೆಲ್ಲ ಹೆದರಿದ ಮೇಲೆ ಊರೇ ಹೆದರುವ ನೀಲಾವತಿಯ ಮುಂದೆ ಬೀಳುವುದರಲ್ಲಿ ಅಂಥ ಅವಮಾನವೇನೂ ಖಲೀಲನಿಗೆ ಕಾಣಲಿಲ್ಲ. ಬಗ್ಗಿ ಶಾಲನ್ನು ಎತ್ತಿ, ಧೂಳು ಕೊಡವಿ ಮಡಚತೊಡಗಿದ. ಅವಳು ಅದನ್ನು ಅವನ ಕೈಯಿಂದ ಮೆಲ್ಲನೆ ತೆಗೆದುಕೊಂಡಳು.

ನೀಲಾವತಿ: ಗೆಲ್ಲುವವಳು ನಾನಾದ್ರೆ ಶಾಲು ನನಗಲ್ವಾ? ಇದನ್ನು ಕೋಟಿನ ಹಾಗೆ ಹೊಲಿಯಿರಿ ರುಕ್ಮಯ್ಯಣ್ಣ, ಸೊಂಟಕ್ಕೊಂದು ಪಟ್ಟಿಯೂ ಇರ್ಲಿ. ಅಳತೆ ತೆಗೀರಿ.

ರುಕ್ಮಯ್ಯ ಕೊರಳಿನ ಟೇಪು ಎಳೆದು ಸೊಂಟದ ಸುತ್ತ ತಂದ. ತುದಿಗೆ ತುದಿ ಸೇರಿಸಿ, ಅಂಕೆ ನೋಡಿ, ಹುಬ್ಬು ಹಾರಿಸಿ, ಹೇಳಲು ಬಾಯಿ ತೆರೆದ.

ನೀಲಾವತಿ: ಕಂಡದ್ದನ್ನು ಬರ್ಕೊಳ್ಳಿ. ಬಾಯಲ್ಲಿ ಮಾತ್ರ ಎರಡು-ನಾಲ್ಕು ಅಂತ ಹೇಳಿ.