ಪೈಲ್ವಾನ್ ಆವಲಪ್ಪನ ಲಂಗೋಟಿ

ಲಂಗೋಟಿಯೊಂದಕ್ಕೆ ಗಾಜಿನ ಕಟ್ಟು ಹಾಕಿಸಿ, ಬೀದಿಗೆ ಕಾಣುವಂತೆ ನಡುಮನೆಯ ಗೋಡೆಗೆ ನೇತುಹಾಕಿದ್ದೇ ಚನ್ನಕೇಶವ ಮಾಡಿದ ತಪ್ಪು. ಆ ಭಾನುವಾರ ಬೆಳಿಗ್ಗೆ ಕಿಟಕಿಯನ್ನಾದರೂ ಮುಚ್ಚಿಟ್ಟಿದ್ದರೆ ಉಳಿದುಕೊಳ್ಳುತ್ತಿದ್ದ.

ಆಗ ೧೯೬೧ನೇ ಇಸವಿ. ಚನ್ನಕೇಶವ ಶಿಡ್ಲಘಟ್ಟದಲ್ಲಿ ಸರ್ಕಾರಿ ಗುಮಾಸ್ತ. ಮಡಚಿದ ಕೊಡೆಯಂಥ ಮೈ. ಜನ್ಮದಲ್ಲಿ ಒಂದು ಬಸ್ಕಿ ಹೊಡೆದವನಲ್ಲ. ಆದರೆ ಆಟಗಾರರು ತೊಟ್ಟ, ಮುಟ್ಟಿದ, ಹರಿದ ವಸ್ತು ಎಂದರೆ ಪ್ರಾಣ ಬಿಡುತ್ತಿದ್ದ. ಹೊಲಿಗೆ ಬಿಟ್ಟ ಕ್ರಿಕೆಟ್ ಚೆಂಡು, ಯಾವನೋ ಫುಟ್‌ಬಾಲ್ ಆಟಗಾರನ ಒಂಟಿ ಬೂಟು ಅವನ ಬೀರುವಿನಲ್ಲಿದ್ದವು. ಹೆಂಡತಿ ಅನಸೂಯಮ್ಮನ ಸೀರೆಗಳು ಗೋಣಿಚೀಲದಲ್ಲಿದ್ದವು. ಇವೆಲ್ಲಕ್ಕೂ ಕಳಶವಿಟ್ಟಂತೆ ಹೋದ ವಾರ ಬಂದದ್ದು ಈ ಕೆಂಪು ಲಂಗೋಟಿ. ಮಂಡಿಕಲ್ಲಿನ ಪೈಲ್ವಾನ್ ಆವಲಪ್ಪ ಬೆಂಗಳೂರಿನಲ್ಲಿ ಪಂಜಾಬಿನ ಜಟ್ಟಿಯನ್ನು ಚಿತ್ ಮಾಡಿದಾಗ ಕಟ್ಟಿದ್ದದ್ದು! ಹಳೇ ಸಾಮಾನಿನ ಕೋನಪ್ಪ ತಂದುಕೊಟ್ಟಾಗ, ಹೊಲಿಗೆ ಯಂತ್ರಕ್ಕೆಂದು ಅನಸೂಯಮ್ಮ ಕೂಡಿಟ್ಟಿದ್ದನ್ನೆಲ್ಲ ಚನ್ನಕೇಶವ ಅವನ ಕೈಗೆ ಸುರಿದಿದ್ದ.

ಎದುರುಮನೆಯ ಕೊಂಡಮ್ಮ ಕಿಟಕಿಯಲ್ಲಿ ಇಣುಕಿದಳು. "ಏನಪ್ಪಾ ಚನ್ನಕೇಶವ, ದೇವ್ರ ಪಟದ ಪಕ್ಕ ಯಾರ್ದೋ ಚಡ್ಡಿ ಒಣಗ್ಹಾಕಿದ್ದೀಯಲ್ಲ?"

"ಚಡ್ಡಿ ಅಲ್ಲಮ್ಮ, ಚರಿತ್ರೆ!"

ಕೊಂಡಮ್ಮನ ಬಾಯಿಗೆ ಬಿದ್ದದ್ದು ಊರಿಗೆ ಬಿದ್ದಂತೆ. ಕಾಫಿ ಆರುವುದರೊಳಗೆ ಜಗಲಿ ತುಂಬ ಜನ. ಗರಡಿಯ ತರುಣರೂ ಬಂದರು. "ಕೋನಪ್ಪ ಕೊಟ್ಟಿದ್ದಾ? ಹಂಗಾದ್ರೆ ನಕಲಿ ಬಿಡಿ ಸಾರ್" ಎಂದು ಒಬ್ಬ ನಕ್ಕ.

ಚನ್ನಕೇಶವನಿಗೆ ರೋಷ ಉಕ್ಕಿತು. ಕಟ್ಟಿನಿಂದ ಲಂಗೋಟಿ ಬಿಚ್ಚಿ ಎತ್ತಿಹಿಡಿದ. "ನೋಡ್ರಯ್ಯಾ, ಈ ಹರಕು! ಪಂಜಾಬಿ ಕೈ ಹಾಕಿ ಎಳೆದಿದ್ದು. ಈ ಕಲೆ ಅಖಾಡದ ಮಣ್ಣು, ಮೂಸಿ ನೋಡಿ! ಅಂಚಿನಲ್ಲಿ ಹಳದಿ ದಾರದ ಆಂಜನೇಯ, ಕಾಣಲ್ವಾ?" ಅವನು ಎಷ್ಟು ಆವೇಶದಿಂದ ವಾದಿಸಿದನೆಂದರೆ, ನಕ್ಕವನೇ ಹೋಗಿ ಕರ್ಪೂರ ತಂದು ಹಚ್ಚಿದ. ಚನ್ನಕೇಶವನ ಎದೆ ಎರಡು ಅಂಗುಲ ಉಬ್ಬಿತು.

ಸುದ್ದಿ ರೇಷ್ಮೆಗೂಡಿನ ಮಾರುಕಟ್ಟೆಗೂ ಹೋಯಿತು. ಅಲ್ಲಿ ಗೂಡು ಮಾರಲು ಬಂದಿದ್ದವಳು ಲಕ್ಷ್ಮೀನರಸಮ್ಮ, ಪೈಲ್ವಾನ್ ಆವಲಪ್ಪನ ಧರ್ಮಪತ್ನಿ. ಮಧ್ಯಾಹ್ನಕ್ಕೆ ಅವಳು ದಫೇದಾರ್ ಮುನಿವೆಂಕಟಪ್ಪನನ್ನು ಹಿಂದಿಟ್ಟುಕೊಂಡು ಬಿರುಗಾಳಿಯಂತೆ ಬಂದಳು.

"ನಮ್ಮ ಯಜಮಾನ್ರದ್ದು ಪೆಟ್ಟಿಗೇಲಿಟ್ಟಿದ್ದೆ. ಹೋದ್ ತಿಂಗ್ಳಿಂದ ಕಾಣ್ತಿಲ್ಲ. ಕಳ್ಳತನ ಮಾಡಿ ಗೋಡೆಗೆ ಬೇರೆ ಹಾಕ್ಕೊಂಡಿದ್ದೀಯೇನಯ್ಯಾ?"

ದಫೇದಾರ ಮೀಸೆ ತಿರುವಿದ. "ನೋಡಿ ಗುಮಾಸ್ತರೇ, ಇದು ಅಸಲಿ ಆದ್ರೆ ಕಳ್ಳಮಾಲು. ನೀವು ಸ್ಟೇಷನ್ನಿಗೆ ಬರ್ಬೇಕು, ಕೆಲ್ಸಾನೂ ಹೋಯ್ತದೆ. ನಕಲಿ ಆದ್ರೆ ಕೇಸೇ ಇಲ್ಲ. ಯಾವ್ದು ಹೇಳಿ?"

ಚನ್ನಕೇಶವನ ಎದೆ ಉಬ್ಬಿದ ದಾರಿಯಲ್ಲೇ ಇಳಿಯಿತು. "ನಕಲಿ ಸ್ವಾಮಿ! ಖಂಡಿತ ನಕಲಿ!"

"ಛೆ ಛೆ, ಅಸಲೀನೇ ಸಾರ್!" ಕರ್ಪೂರ ಹಚ್ಚಿದ್ದ ಗರಡಿಯವನು ಮುಂದೆ ಬಂದ. "ಬೆಳಿಗ್ಗೆ ಇವ್ರೇ ಹೇಳಿದ್ರಲ್ಲ, ಪಂಜಾಬಿ ಎಳೆದ ಹರಕು..."

"ಇಲಿ ಕಚ್ಚಿದ್ದು ಕಣಯ್ಯಾ!"

"ಅಖಾಡದ ಮಣ್ಣು?"

"ನಮ್ಮ ಹಿತ್ತಲದ್ದು!"

"ಆಂಜನೇಯ?"

"ಆಂಜನೇಯ ಎಲ್ಲಿದ್ದಾನೆ? ಸರಿಯಾಗಿ ನೋಡು, ಹಲ್ಲಿ ಥರ ಇದೆ!"

ಯಾರೂ ನಂಬಲಿಲ್ಲ. ಬೆಳಿಗ್ಗೆ ಅವನು ಅಷ್ಟು ಚೆನ್ನಾಗಿ ವಾದಿಸಿಬಿಟ್ಟಿದ್ದ. ಕೊನೆಗೆ ಕೋನಪ್ಪನನ್ನು ಎಳೆದು ತಂದರು. ಅವನು ಲಕ್ಷ್ಮೀನರಸಮ್ಮನನ್ನು ಕಂಡದ್ದೇ ಬಿಳಿಚಿಕೊಂಡ. "ನಕಲಿ ಅಮ್ಮಾ, ತಾಯಾಣೆ ನಕಲಿ! ಸಂತೇಲಿ ಬಟ್ಟೆ ತಗೊಂಡು ನಾನೇ ಹೊಲಿಸಿದ್ದು. ಗುಮಾಸ್ತರಿಗೆ ಟೋಪಿ ಹಾಕ್ದೆ."

ತನಗೆ ಮೋಸ ಮಾಡಿದವನನ್ನು ಚನ್ನಕೇಶವ ಸ್ವಂತ ತಮ್ಮನನ್ನು ತಬ್ಬಿದಂತೆ ತಬ್ಬಿಕೊಂಡ. "ಕೇಳಿಸ್ಕೊಂಡ್ರಾ? ಟೋಪಿ ಹಾಕಿದ್ದಾನಂತೆ! ದೇವ್ರು ಅವನನ್ನ ಚೆನ್ನಾಗಿಟ್ಟಿರ್ಲಿ!"

ಲಕ್ಷ್ಮೀನರಸಮ್ಮ ಮಾತ್ರ ಬಗ್ಗಲಿಲ್ಲ. "ನೋಡಕ್ಕೆ ನಮ್ದರ ಥರಾನೇ ಇದೆ. ನಕಲಿ ಅಂದ್ರೆ ಸುಡಪ್ಪ ನೋಡಣ. ಅಸಲಿ ಆಗಿದ್ರೆ ನಿನಗೆ ಕೈ ಬರಲ್ಲ."

ಕೊಂಡಮ್ಮನಿಗೆ ಇದಕ್ಕಿಂತ ಸಡಗರ ಬೇರೆ ಬೇಕೇ? "ಮೊಮ್ಮಗಳ ಎಣ್ಣೆ ಸ್ನಾನಕ್ಕೆ ನೀರೊಲೆ ಉರೀತಾ ಇದೆ, ಬನ್ರಪ್ಪಾ" ಎಂದು ದಾರಿ ತೋರಿಸಿದಳು. ಚನ್ನಕೇಶವ ಲಂಗೋಟಿಯನ್ನು ಒಮ್ಮೆ ಸವರಿದ. ಹರಕಿನ ಮೇಲೆ ಬೆರಳು ನಿಂತಿತು. ದಫೇದಾರ ಕೆಮ್ಮಿದ. ಚನ್ನಕೇಶವ ಕಣ್ಣು ಮುಚ್ಚಿ ಒಲೆಗೆ ಹಾಕಿಬಿಟ್ಟ. ಭಗ್ಗೆಂದು ಉರಿಯಿತು.

"ಪಾಪ, ಒಳ್ಳೇ ಮನುಷ್ಯ. ನಂದೇ ತಪ್ಪಾಯ್ತು" ಎಂದು ಲಕ್ಷ್ಮೀನರಸಮ್ಮ ಕೊಂಡಮ್ಮನ ಮನೆಯಲ್ಲಿ ಕಾಫಿಗೆ ಕುಳಿತಳು. ದಫೇದಾರನಿಗೂ ಒಂದು ಲೋಟ ಸಿಕ್ಕಿತು. ಕೋನಪ್ಪ ಯಾವಾಗ ಜಾರಿಕೊಂಡನೋ ಯಾರೂ ನೋಡಲಿಲ್ಲ. ಜನ ಮಾತ್ರ ಕದಲಲಿಲ್ಲ.

ಹೊತ್ತು ಇಳಿಯುವಾಗ ಹೆಂಡತಿಯನ್ನು ಹುಡುಕಿಕೊಂಡು ಆವಲಪ್ಪನೇ ಚನ್ನಕೇಶವನ ಮನೆಗೆ ಬಂದ. ತಲೆ ನರೆತಿತ್ತು, ತೋಳು ನರೆತಿರಲಿಲ್ಲ. ಬಾಗಿಲಲ್ಲಿ ಅಡ್ಡಡ್ಡ ತಿರುಗಿ ಒಳಬಂದ ಪೈಲ್ವಾನ ಚನ್ನಕೇಶವನ ಭುಜ ಹಿಡಿದು ಅಡುಗೆಮನೆಗೆ ಕರೆದೊಯ್ದು ಪಿಸುಗುಟ್ಟಿದ.

"ಸ್ವಾಮಿ, ನಮ್ಮವಳ ಮುಂದೆ ಬಾಯಿ ಬಿಡ್ಬೇಡಿ. ಅದನ್ನ ಯಾರೂ ಕದ್ದಿಲ್ಲ. ನಾನೇ ಪೆಟ್ಟಿಗೆಯಿಂದ ತೆಗೆದು ಕೋನಪ್ಪನ ಕೈಲಿ ನಿಮಗೆ ಕಳಿಸಿದ್ದು."

"ನೀವಾ? ನನಗಾ?"

"ನಂಗೆ ಮಕ್ಕಳಿಲ್ಲ. ನಾನು ಹೋದ್ಮೇಲೆ ಅದು ಒಲೆ ಒರೆಸೋ ಬಟ್ಟೆ ಆಯ್ತದೆ. ಶಿಡ್ಲಘಟ್ಟದಲ್ಲಿ ಗುಮಾಸ್ತರೊಬ್ರು ಇಂಥವನ್ನ ದೇವ್ರ ಥರ ಇಟ್ಕೋತಾರೆ ಅಂತ ಕೇಳಿದ್ದೆ. ದುಡ್ಡು ಗಿಡ್ಡು ಮುಟ್ಟಬೇಡ, ಸುಮ್ನೆ ಕೊಟ್ಟು ಬಾ ಅಂತ ಕೋನಪ್ಪನಿಗೆ ಹೇಳಿದ್ದೆ. ನನ್ ಹೆಂಡ್ತಿಗೆ ಗೊತ್ತಾದ್ರೆ ನಿನ್ನ ಎತ್ತಿ ಒಗೀತೀನಿ ಅಂತಾನೂ ಹೇಳಿದ್ದೆ."

ಚನ್ನಕೇಶವ ಹಿಂದೆ ಸರಿದು ಗೋಡೆಗೆ ಒರಗಿದ.

"ಇವತ್ತು ಇಷ್ಟು ಜನ ನೋಡಕ್ಕೆ ಬಂದಿದ್ದಾರೆ ಅಂದ್ರೆ..." ಪೈಲ್ವಾನನ ಕಣ್ಣು ತುಂಬಿ ಬಂತು. "ಎಲ್ಲಿ ಸ್ವಾಮಿ, ನಾನೂ ಒಂದ್ಸಲ ನೋಡ್ತೀನಿ."

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೇ ಬಂದು ನಿಂತಿದ್ದ ಕೊಂಡಮ್ಮ ಉಪಕಾರಕ್ಕೆಂದು ನುಡಿದಳು:

"ನಮ್ಮ ನೀರೊಲೇಲಿ ಬೂದಿ ಇದೆ ಪೈಲ್ವಾನ್ರೇ, ಬನ್ನಿ. ಇವನೇ ಕೈಯಾರೆ ಹಾಕಿದ್ದು. ಬೇಕಾದ್ರೆ ದಫೇದಾರ್ರನ್ನ ಕೇಳಿ."

ಆವಲಪ್ಪ ಚನ್ನಕೇಶವನ ತೋಳು ಹಿಡಿದು ಜಗಲಿಗೆ ಕರೆತಂದ. ಶರಟು ಬಿಚ್ಚಿ, ನಿಧಾನವಾಗಿ ಮಡಚಿ, ಗರಡಿಯವನ ಕೈಗೆ ಕೊಟ್ಟು ಪಂಚೆ ಎತ್ತಿ ಕಟ್ಟಿದ.

ಜನ ತಾವಾಗಿಯೇ ಹಿಂದೆ ಸರಿದು, ನಡುವೆ ದುಂಡಗೆ ಜಾಗ ಬಿಟ್ಟರು.