ಸೋಸಲೇ?

ಪುಟ್ಟರಾಜುವನ್ನು ತಕ್ಕಡಿಗೆ ಹಾಕಿದರೆ ಉತ್ಸಾಹವೇ ಒಂದು ಮೂಟೆ. ವಿವೇಕ ಪೊಟ್ಟಣ ಕಟ್ಟುವಷ್ಟು. ಮಾಲು ಮಾತ್ರ ಕಲಬೆರಕೆಯಿಲ್ಲದ್ದು. ತಿ. ನರಸೀಪುರದ ಸೊಸೈಟಿಯ ಈ ಗುಮಾಸ್ತ ಕೆಲವು ದಿನಗಳಿಂದ ಗುಲಾಬಿ ಪಂಚೆಯುಟ್ಟು ಕೆಲಸಕ್ಕೆ ಬರುತ್ತಿದ್ದ. ಶೋಕಿಯಲ್ಲ. ಹಿಂದಿನ ಬೀದಿಯ ಶೆಡ್ಡಿನವರು ನೂಲಿಗೆ ಬಣ್ಣ ಹಾಕಿ, ಉಳಿದ ನೀರನ್ನು ಹರಿಯಬಿಟ್ಟಿದ್ದರಿಂದ ಇವನ ಬಾವಿ ಶರಬತ್ತಾಗಿತ್ತು.

“ಭಾನುವಾರದೊಳಗೆ ತಿಳಿನೀರು ಬರ್ದಿದ್ರೆ ನಾನು ಸೋಸಲೆಗೆ ಹೊರಟೆ” ಎಂದು ಹೆಂಡತಿ ವಾಣಿ ಬ್ಯಾಗು ತುಂಬಿಟ್ಟಿದ್ದಳು. (ಸೋಸಲೆ ಅವಳ ತವರು.)

ಅಷ್ಟರಲ್ಲಿ ರೇಡಿಯೋದಲ್ಲಿ ಯಾರೋ ವಿಜ್ಞಾನಿ, ಅಕ್ಕಿ ಗಿರಣಿಯ ಬಾಯ್ಲರಿನಲ್ಲಿ ಉಳಿಯುವ ಹೊಟ್ಟಿನ ಬೂದಿ ನೀರಿನ ಬಣ್ಣ ಹೀರುತ್ತದೆ ಎಂದರು. ಪುಟ್ಟರಾಜು ನನ್ನ ಗಿರಣಿಗೆ ಓಡಿಬಂದ.

“ಅಣ್ಣಾ, ಬೂದಿ ಬೇಕು! ತಿಪ್ಪೆಗೆ ಸುರಿಯೋ ಕಸ ಅಲ್ಲ ಕಣಣ್ಣಾ ಅದು, ಚಿನ್ನ!”

ಚಿನ್ನವೆಂದ ಮೇಲೆ ಬೆಲೆ ಹೇಳಬೇಕಿತ್ತು. ನಗು ಬಂದು ವ್ಯಾಪಾರ ಕೆಟ್ಟಿತು. “ತಗೊಂಡೋಗ್ಲಾ. ನೀರು ತಿಳಿಯಾದ್ರೆ ನಿಂಗೊಂದು ಬಿಳಿ ಪಂಚೆ” ಎಂದೆ.

ಭಾನುವಾರ ಹಿತ್ತಲಿನಲ್ಲಿ ಜಲಶುದ್ಧಿ ಮಹಾಯಾಗ! ತಳಕ್ಕೆ ತೂತು ಕೊರೆದ ಡ್ರಮ್ಮು, ಜಲ್ಲಿ, ಮರಳು, ಅದರ ಮೇಲೆ ತೊಳೆದ ಬೂದಿ. ಗುಲಾಬಿ ನೀರಿನ ಬಿಂದಿಗೆಯನ್ನು ಎತ್ತಿ ಹಿಡಿದು, ಹೆಂಡತಿಯ ಅಪ್ಪಣೆಗಾಗಿ ಕೂಗಿದ: “ವಾಣೀ, ಸೋಸಲೇ?”

ಒಳಗಿದ್ದವಳಿಗೆ ಕೇಳಿಸಿದ್ದು ತವರಿನ ಹೆಸರು. ಹೋಗ್ತೀಯಾ ಅಂತ ತಾನಾಗಿಯೇ ಕೇಳುತ್ತಾನಲ್ಲ, ಎಂಥ ಗಂಡ!

“ಹ್ಞೂಂ ಕಣ್ರೀ, ಈಗ್ಲೇ!” ಎಂದವಳೇ ಬ್ಯಾಗೆತ್ತಿಕೊಂಡು ಬಸ್ಸು ಹತ್ತಿದಳು. ಅಪ್ಪಣೆ ಸಿಕ್ಕಿತೆಂದು ಇವನು ಬಿಂದಿಗೆ ಬಗ್ಗಿಸಿದ.

ತೊಟ್ಟಿಕ್ಕಿತು, ಸೋರಿತು... ಗಾಜಿನಂಥ ನೀರು! ಚೊಂಬು ತುಂಬಿಕೊಂಡು ಅಡುಗೆಮನೆಗೆ ಕುಣಿಯುತ್ತ ಬಂದರೆ, ನೋಡಿ ಮೆಚ್ಚಲು ಒಲೆಯೊಂದೇ ಇತ್ತು.

ಚೊಂಬಿನ ಸಮೇತ ಮುಂದಿನ ಬಸ್ಸು ಹಿಡಿದ. ಸೋಸಲೆಯಲ್ಲಿ ಅತ್ತೆ ಚನ್ನಬಸಮ್ಮ ಬಾಗಿಲಲ್ಲೇ ಚೊಂಬಿಗೆ ಇಣುಕಿದರು.

“ಅಳಿಯಂದ್ರೇ, ಕಾವೇರಿ ಇಲ್ಲೇ ಮಗ್ಗುಲಲ್ಲಿ ಅರೀತಾವ್ಳೆ. ಒಳೇಲಿ ತುಂಬ್ಕೊಂಡು ನಮ್ ಬಾವೀದು ಅಂದ್ರೆ ನಂಬ್ತೀವಾ?”

“ಸತ್ಯವಾಗ್ಲೂ ಬಾವೀದೇ ಅತ್ತೇ!”

“ಬಾವಿ ನೀರು ಅಲ್ಲಿ ಕಾಣ್ತಾ ಐತಲ್ಲ” ಎಂದು ವಾಣಿ ಅವನ ಪಂಚೆ ತೋರಿಸಿದಳು.

ಕಣ್ಣಾರೆ ಕಂಡು ತೀರ್ಪು ಕೊಡಲು ಅತ್ತೆಯೂ ಮಗಳ ಜೊತೆ ಬಂದರು. ನೋಡಿದರು, ಒಪ್ಪಿದರು, ಮಿಂದರು. ಆ ನೀರಿಗೆ ಕೂದಲು ರೇಷ್ಮೆಯಾಗುತ್ತದೆಂದು ಉಳಿದೇಬಿಟ್ಟರು! ಈಗ ಪುಟ್ಟರಾಜು ಸೊಸೈಟಿಗೆ ಹೊರಡುವ ಮುನ್ನ ಅವರ ಹಂಡೆ ತುಂಬಿಸಬೇಕು. “ಸೋಸಲೇ?” ಎಂದು ಕೇಳುವ ಧೈರ್ಯ ಮಾತ್ರ ಇಲ್ಲ, ಹೊರಡಿ ಅಂದನೆಂದು ಅತ್ತೆ ಮುನಿದರೆ ಮಗಳೂ ಬ್ಯಾಗೆತ್ತುತ್ತಾಳೆ.

ನೀರಂತೂ ತಿಳಿಯಾಯಿತು. ಪುಟ್ಟರಾಜುವಿಗೆ ನಾನು ಒಂದು ಬಿಳಿ ಪಂಚೆ ಕೊಡಬೇಕು.